ಡೊಂಬಿವಲಿಯ ಸೆಕೆಯೂ ಪ್ರೊಸೆಸರ್‌ನ ಕೂಲರೂ

ಆರ್ಕಿಟೆಕ್ಚರ್ ಓದುತ್ತಿರುವ ತಂಗಿಯ ಮಗನಿಗೆ, ಕಟ್ಟಡಗಳ ಚಿತ್ರಗಳನ್ನು ರೆಂಡರ್ ಮಾಡಲು, ಅಂದರೆ ಕಂಪ್ಯೂಟರಿನಲ್ಲಿ ನೈಜವೆನಿಸುವಂತೆ ಮೂಡಿಸಲು, ಡೆಸ್ಕ್‌ಟಾಪ್ ಜೋಡಿಸಿಕೊಡುವ ಹೊಣೆ ಈ ಮೇ ತಿಂಗಳಲ್ಲಿ ನನ್ನ ಪಾಲಿಗೆ ಬಂತು. ಮುಂಬಯಿಯ ಕಂಪ್ಯೂಟರ್ ಅಂಗಡಿಗಳ ಬೀದಿಯಾದ ಲ್ಯಾಮಿಂಗ್ಟನ್ ರೋಡಿನಲ್ಲಿ, ಕಂಪ್ಯೂಟರಿನ ಮುಖ್ಯ ಚಿಪ್ ಆದ ಪ್ರೊಸೆಸರ್ ಆರಿಸಲು ಅರ್ಧ ಗಂಟೆ ಸಾಕಾಯಿತು. ಅದರ ಬಿಸಿ ಇಳಿಸುವ ಕೂಲರ್ ಆರಿಸಲು ಇಡೀ ಮಧ್ಯಾಹ್ನ ಹಿಡಿಯಿತು. "ಮಾವ, ಲಿಕ್ವಿಡ್ ಕೂಲರೇ ತೆಗೆದುಕೊಳ್ಳೋಣ, ನಮ್ಮ ಡೊಂಬಿವಲಿಯ ಸೆಕೆಗೆ ಅದೇ ಸರಿ" ಎಂಬುದು ಅವನ ಹಟ.

ಸೆಕೆಯ ಮಾತು ನಿಜ, ಆದರೆ ಅದಕ್ಕೆ ಲಿಕ್ವಿಡ್, ಏರ್ ಎರಡೂ ಬಗೆಯ ಕೂಲರ್‌ಗಳು ಸಮಾನವಾಗಿ ತಲೆಬಾಗುತ್ತವೆ. ಲಿಕ್ವಿಡ್ ಕೂಲರ್‌ನಲ್ಲಿ ಪಂಪ್ ದ್ರವವನ್ನು ಪ್ರೊಸೆಸರ್‌ನ ಮೇಲಿಂದ ರೇಡಿಯೇಟರ್‌ಗೆ ಒಯ್ಯುತ್ತದೆ, ಅಲ್ಲಿ ಫ್ಯಾನುಗಳು ಆ ಶಾಖವನ್ನು ಗಾಳಿಗೆ ಬಿಡುತ್ತವೆ. ಏರ್ ಕೂಲರ್‌ನ ತಾಮ್ರದ ಕೊಳವೆಗಳ ಒಳಗೂ ಸ್ವಲ್ಪ ದ್ರವವಿರುತ್ತದೆ. ಅದು ಪ್ರೊಸೆಸರ್‌ನ ಬಿಸಿಗೆ ಆವಿಯಾಗಿ, ಲೋಹದ ರೆಕ್ಕೆಗಳ ಬಳಿ ಮತ್ತೆ ದ್ರವವಾಗಿ, ಕೊಳವೆಯ ಒಳಮೈಯ ಸೂಕ್ಷ್ಮ ರಂಧ್ರಗಳ ಮೂಲಕ ಪಂಪಿನ ನೆರವಿಲ್ಲದೆ ಮರಳಿ ಬರುತ್ತದೆ. ಕೋಣೆಯಲ್ಲಿ 34 ಡಿಗ್ರಿ ಇದ್ದರೆ ಇವೆರಡರಲ್ಲಿ ಯಾವುದೂ ಪ್ರೊಸೆಸರನ್ನು ಅದಕ್ಕಿಂತ ತಂಪಾಗಿಸಲಾರದು. ಹೊರಬಂದ ಶಾಖವಂತೂ ನಮ್ಮ ಪುಟ್ಟ ಕೋಣೆಯಲ್ಲೇ ಉಳಿಯುತ್ತದೆ.

ಲಿಕ್ವಿಡ್ ಕೂಲರ್‌ನ ಹೆಚ್ಚುಗಾರಿಕೆಯಿರುವುದು ರೇಡಿಯೇಟರ್‌ನ ವಿಸ್ತಾರದಲ್ಲಿ. ಇಂಟೆಲ್‌ನ ಐ9-14900ಕೆ ಪ್ರೊಸೆಸರ್ ಪೂರ್ಣ ವೇಗದಲ್ಲಿ 253 ವ್ಯಾಟ್‌ವರೆಗೆ ಎಳೆಯಬಲ್ಲದು. ಅಂಥದ್ದನ್ನು ಗಂಟೆಗಟ್ಟಲೆ ದುಡಿಸುವವರು 360 ಮಿಲಿಮೀಟರ್ ರೇಡಿಯೇಟರ್ ಹಾಕಿಸಿಕೊಳ್ಳುವುದು ನ್ಯಾಯವೇ. ನಾವು ಕೊಂಡ ರೈಜೆನ್ 7 7700 ಪ್ರೊಸೆಸರ್ ಎಂಟು ಕೋರ್‌ಗಳ 65 ವ್ಯಾಟ್ ವರ್ಗದ್ದು, ಪೂರ್ತಿ ದುಡಿಸಿದರೂ ಸುಮಾರು 88 ವ್ಯಾಟ್. ಇದಕ್ಕೆ ಒಂದೇ 120 ಮಿಲಿಮೀಟರ್ ಫ್ಯಾನಿನ ಟವರ್ ಕೂಲರ್, ಅಂದರೆ ಗೋಪುರದಂತೆ ನಿಲ್ಲುವ ಏರ್ ಕೂಲರ್, ಧಾರಾಳವಾಗಿ ಸಾಕು.

ನನ್ನ ತೀರ್ಮಾನದ ಹಿಂದೆ ಹಳೆಯ ಪೆಟ್ಟೊಂದಿದೆ. ನಾಲ್ಕನೆಯ ವರ್ಷದಲ್ಲಿ ನನ್ನ ಲಿಕ್ವಿಡ್ ಕೂಲರ್‌ನ ಪಂಪ್ ನಿಂತಿತು. ಕಂಪ್ಯೂಟರ್ ಚಾಲೂ ಮಾಡಿದ ಕೆಲವೇ ನಿಮಿಷಗಳಲ್ಲಿ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಂಡು ತೆವಳತೊಡಗಿತು. ವರ್ಷಗಳು ಕಳೆದಂತೆ ದ್ರವವು ರಬ್ಬರ್ ಕೊಳವೆಗಳ ಮೂಲಕ ಅಷ್ಟಿಷ್ಟೇ ಆವಿಯಾಗಿ ಹೋಗುತ್ತದೆ, ಒಳಗಿನ ಗಾಳಿ ಎತ್ತರದ ಜಾಗ ಸೇರುತ್ತದೆ. ಪಂಪ್ ಆ ಎತ್ತರದ ಜಾಗದಲ್ಲಿರದಂತೆ ಜೋಡಿಸಬೇಕೆಂಬುದು ಆಗ ನನಗೆ ತಿಳಿದಿರಲಿಲ್ಲ. ಪಂಪನ್ನಷ್ಟೇ ಬದಲಿಸಲಾಗದೆ ಇಡೀ ಕೂಲರನ್ನೇ ಎಸೆಯಬೇಕಾಯಿತು. ಏರ್ ಕೂಲರ್‌ನಲ್ಲಾದರೆ ಕೆಡುವುದು ಫ್ಯಾನ್ ಮಾತ್ರ. ಅದು ಯಾವ ಅಂಗಡಿಯಲ್ಲಾದರೂ ಸಿಗುತ್ತದೆ.

ಹಾಗೆಂದು ಏರ್ ಕೂಲರ್ ತೊಂದರೆಯಿಲ್ಲದ್ದೇನಲ್ಲ. ನಾಕ್ಟುವಾ ಕಂಪನಿಯ ಏರ್ ಕೂಲರ್ ಎನ್‌ಎಚ್-ಡಿ15 ಫ್ಯಾನುಗಳೂ ಸೇರಿ 1.3 ಕಿಲೋ ತೂಗುತ್ತದೆ, 165 ಮಿಲಿಮೀಟರ್ ಎತ್ತರವಿದೆ. ಕಂಪ್ಯೂಟರಿನ ಭಾಗಗಳನ್ನು ಕೂರಿಸುವ ಎಷ್ಟೋ ಕ್ಯಾಬಿನೆಟ್‌ಗಳ ಬಾಗಿಲು ಅದರ ಮೇಲೆ ಮುಚ್ಚುವುದಿಲ್ಲ. ಹನ್ನೊಂದು ತಿಂಗಳ ಕರಾರಿನ ಬಾಡಿಗೆ ಮನೆಗಳಲ್ಲಿರುವ ನಮ್ಮಂಥವರು ಟೆಂಪೋದಲ್ಲಿ ಸಾಮಾನು ಸಾಗಿಸುವ ಮೊದಲು ಅಷ್ಟು ಭಾರದ್ದನ್ನು ಬಿಚ್ಚಿಡಬೇಕು, ಇಲ್ಲವಾದರೆ ಕುಲುಕಾಟಕ್ಕೆ ಅದನ್ನು ಹೊತ್ತ ಮದರ್‌ಬೋರ್ಡ್ ಬಾಗೀತು. ಬಿಚ್ಚಿದಾಗಲೆಲ್ಲ ಪ್ರೊಸೆಸರ್‌ನಿಂದ ಕೂಲರ್‌ಗೆ ಶಾಖ ದಾಟಿಸುವ ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಬೇಕು. ಧೂಳಿನ ಕಾಟ ಎರಡಕ್ಕೂ ಒಂದೇ. ರೈಲು ಹಳಿಯ ಪಕ್ಕದ ನಮ್ಮ ಮನೆಯಲ್ಲಿ ಎರಡು ತಿಂಗಳಿಗೊಮ್ಮೆ ಬ್ರಶ್ ಹಿಡಿಯದೆ ವಿಧಿಯಿಲ್ಲ.

ಕ್ಯಾಬಿನೆಟ್‌ನ ಒಳಗಲವನ್ನು ಟೇಪಿನಿಂದ ಅಳೆದ ಮೇಲೆಯೇ ಮಧ್ಯಮ ಗಾತ್ರದ ಟವರ್ ಕೂಲರ್ ತಂದೆವು. ಅರ್ಧ ಗಂಟೆ ರೆಂಡರ್ ಮಾಡಿ ನೋಡಿದಾಗ ಪ್ರೊಸೆಸರ್ 79 ಡಿಗ್ರಿ ತೋರಿಸುತ್ತಿತ್ತು. ಕ್ಯಾಬಿನೆಟ್ ಗೋಡೆಗೆ ಒರಗಿರುವುದು ಆಗ ಕಣ್ಣಿಗೆ ಬಿತ್ತು. ಬಿಸಿಗಾಳಿ ಹೊರಹೋಗಲೆಂದು ಒಂದು ಗೇಣು ಮುಂದಕ್ಕೆ ಎಳೆದಿಟ್ಟೆವು, 73ಕ್ಕೆ ಇಳಿದು ನಿಂತಿತು.