ಕಲ್ಲಿನ ಮೇಲೇ ಕಾಲಿಡ್ಬೇಕು: ಡೆವಿಲ್ಸ್ ಗಾರ್ಡನ್‌ನಲ್ಲಿ ಒಬ್ಬಳೇ ಒಂದು ದಿನ

ಅಮೆರಿಕದ ಯೂಟಾ ರಾಜ್ಯದ ಮೋಆಬ್ ಊರಲ್ಲಿ ಮೂರು ರಾತ್ರಿ ಉಳ್ಕೊಂಡಿದ್ದೆ, ಅದ್ರಲ್ಲಿ ಒಂದು ಇಡೀ ದಿನ ಆರ್ಚಸ್ ನ್ಯಾಷನಲ್ ಪಾರ್ಕ್‌ನ ಡೆವಿಲ್ಸ್ ಗಾರ್ಡನ್ ಟ್ರೇಲ್‌ಗೇ, ಅಂದ್ರೆ ಅಲ್ಲಿನ ಕಾಲುದಾರಿಗೇ, ಅಂತ ಇಟ್ಕೊಂಡಿದ್ದೆ. ಡೆನ್ವರ್‌ನಲ್ಲಿರೋ ಅಕ್ಕಂಗೆ ಹಿಂದಿನ ರಾತ್ರಿನೇ ಟ್ರೇಲ್ ಹೆಸರು, ಕಾರ್ ನಂಬರ್ ಎಲ್ಲಾ ಕಳ್ಸಿ, ಸಂಜೆ ಏಳರೊಳಗೆ ನನ್ ಮೆಸೇಜ್ ಬರ್ಲಿಲ್ಲ ಅಂದ್ರೆ ಪಾರ್ಕ್‌ನವರಿಗೆ ಫೋನ್ ಮಾಡು ಅಂದಿದ್ದೆ. ಒಬ್ಬೊಬ್ರೇ ಹೋಗೋರು ಬೇರೆ ಏನು ಮರೆತ್ರೂ ಇದನ್ನ ಮರೀಬಾರ್ದು.

ಅಕ್ಟೋಬರ್ ಕೊನೆ, ಬೆಳಗ್ಗೆ ಕೈ ಸೆಟೆದುಕೊಳ್ಳೋ ಅಷ್ಟು ಚಳಿ. ಪಾರ್ಕ್ ಗೇಟಿಂದ ಟ್ರೇಲ್ ಶುರುವಾಗೋ ಜಾಗಕ್ಕೆ 18 ಮೈಲಿ ಡ್ರೈವ್, ದಾರಿಯುದ್ದಕ್ಕೂ ಕೆಂಪು ಬಂಡೆಗಳು, ಅವುಗಳ ಹಿಂದೆ ದೂರದಲ್ಲಿ ಲಾ ಸಾಲ್ ಬೆಟ್ಟಗಳ ತಲೆ ಮೇಲೆ ಆಗ್ಲೇ ಬಿಳಿ ಹಿಮ. ಟ್ರೇಲ್ ಬುಡದಲ್ಲೇ ಕುಡಿಯೋ ನೀರಿನ ನಲ್ಲಿ ಇದೆ, ಅಲ್ಲಿಂದ ಮುಂದೆ ಒಂದು ಹನಿನೂ ಸಿಗಲ್ಲ, ಹಾಗಾಗಿ ನಾಲ್ಕು ಲೀಟರ್ ತುಂಬ್ಕೊಂಡೆ. ಬೆನ್ನಿಗೆ ಭಾರ ಅನ್ಸತ್ತೆ, ಆದ್ರೆ ಮಧ್ಯಾಹ್ನದ ಹೊತ್ತಿಗೆ ಅದು ಯಾಕೆ ಬೇಕು ಅಂತ ತಾನಾಗೇ ಗೊತ್ತಾಗತ್ತೆ. ಒಣಗಾಳಿಗೆ ಬೆವರು ಬಂದಿದ್ದೇ ಗೊತ್ತಾಗಲ್ಲ ನೋಡಿ.

ಮೊದಲ ಒಂದು ಮೈಲಿ ಸಮ ದಾರಿ, ಜನ ಇದ್ರು. ಲ್ಯಾಂಡ್‌ಸ್ಕೇಪ್ ಆರ್ಚ್ ಹತ್ರ ನಿಂತಾಗ ಮಾತ್ರ ಎಲ್ರೂ ತಮ್ಮಷ್ಟಕ್ಕೆ ತಾವು ಸುಮ್ಮನಾಗ್ತಾರೆ. ಈ ತುದಿಯಿಂದ ಆ ತುದಿಗೆ ಸುಮಾರು 300 ಅಡಿ ಚಾಚಿರೋ ಕಲ್ಲಿನ ಕಮಾನು, ನಡುವೆ ಒಂದು ಕಡೆಯಂತೂ ಯಾರೋ ಎಳೆದು ಸಣ್ಣ ಮಾಡಿದ ಹಾಗೆ ತೆಳ್ಳಗೆ. 1991ರಲ್ಲಿ ಇದ್ರ ಕೆಳಭಾಗದಿಂದ 60 ಅಡಿ ಉದ್ದದ ಒಂದು ಚಪ್ಪಡಿ ಕಳಚಿ ಬಿತ್ತು, ಆಗ ಕೆಳಗೆ ಜನ ಇದ್ರು, ಕಲ್ಲು ಬಿರಿಯೋ ಸದ್ದು ಕೇಳಿ ಓಡಿ ಬಚಾವಾದ್ರು. ಆಮೇಲೆ ಇನ್ನೂ ಒಂದಷ್ಟು ಬಿದ್ದು, ಅಡಿಯಲ್ಲಿ ಹೋಗ್ತಿದ್ದ ದಾರಿನೇ ಮುಚ್ಚಿದಾರೆ. ಅಲ್ಲಿಂದ ಸ್ವಲ್ಪ ಮೇಲೆ ಹತ್ತಿದ್ರೆ ವಾಲ್ ಆರ್ಚ್ ಇದ್ದ ಜಾಗ. 2008ರ ಆಗಸ್ಟ್‌ನಲ್ಲಿ ಒಂದು ರಾತ್ರಿ ಬಿದ್ದೋಯ್ತು, ಬೀಳೋದನ್ನ ಕಂಡೋರು ಯಾರೂ ಇಲ್ಲ, ಈಗ ಬರೀ ಬಂಡೆ ರಾಶಿ. ನಾನು ಆ ರಾಶಿ ಮುಂದೆ ತುಂಬಾ ಹೊತ್ತು ನಿಂತೆ. ಕಲ್ಲು ಅಂದ್ರೆ ಯಾವತ್ತೂ ಹಾಗೇ ಇರೋದು ಅಂದ್ಕೊಂಡು ಬಂದಿರ್ತೀವಿ, ಇಲ್ಲಿ ಅದು ಬೀಳ್ತಾ ಇದೆ.

ಇದೆಲ್ಲ ಹೇಗಾಯ್ತು ಅಂದ್ರೆ, ಕೆಳಗಡೆ ಎಲ್ಲೋ ಆಳದಲ್ಲಿ ಉಪ್ಪಿದೆ. ಸುಮಾರು 30 ಕೋಟಿ ವರ್ಷದ ಹಿಂದೆ ಇಲ್ಲಿ ಸಮುದ್ರ ಬಂದು ಆವಿಯಾಗಿ, ಮತ್ತೆ ಬಂದು ಮತ್ತೆ ಆವಿಯಾಗಿ, ಸಾವಿರಾರು ಅಡಿ ದಪ್ಪ ಉಪ್ಪು ಉಳೀತು. ಅದ್ರ ಮೇಲೆ ಕಲ್ಲಿನ ಪದರ ಕೂತ್ಕೊಂಡಾಗ ಆ ಭಾರಕ್ಕೆ ಉಪ್ಪು ಜಾರಿ ಅತ್ತಿತ್ತ ಸರೀತು, ಮೇಲಿನ ಮರಳುಕಲ್ಲು ಉದ್ದುದ್ದಕ್ಕೆ ಬಿರುಕು ಬಿಡ್ತು. ಬಿರುಕುಗಳು ಅಗಲ ಆಗ್ತಾ ಆಗ್ತಾ ನಡುವೆ ಉಳಿದಿದ್ದು ಸಾಲು ಸಾಲು ಗೋಡೆಗಳು, ಇವಕ್ಕೆ ಫಿನ್ ಅಂತಾರೆ. ನೀರು, ಮಂಜುಗಡ್ಡೆ ಸೇರಿ ಗೋಡೆಯನ್ನ ಕೊರೆದು ತೂತು ಮಾಡಿದ್ರೆ ಅದೇ ಆರ್ಚ್. ಬಣ್ಣ ಕಬ್ಬಿಣದ್ದು, ತುಕ್ಕಿನ ಕೆಂಪು.

ವಾಲ್ ಆರ್ಚ್ ದಾಟಿದ್ಮೇಲೆ ದಾರಿ ಒಂದು ಫಿನ್ ಮೇಲೇ ಹೋಗತ್ತೆ, ಎರಡೂ ಕಡೆ ಕೆಳಗೆ ಜಾರಿರೋ ಕಲ್ಲು, ಗಾಳಿ ಬೇರೆ. ಹೆದ್ರಿಕೆ ಆಯ್ತು, ಮೆಲ್ಲಗೆ ಹೋದೆ. ಡಬಲ್ ಓ ಆರ್ಚ್‌ನ ಕೆಳಗಿನ ಕಿಂಡಿಯಲ್ಲಿ ಕೂತು ಊಟ ಮಾಡ್ದೆ. ಎದುರಿಗಿದ್ದ ಜೂನಿಪರ್ ಮರದಲ್ಲಿ ಅರ್ಧ ಕೊಂಬೆ ಸತ್ತು ಬೂದಿ ಬಣ್ಣಕ್ಕೆ ತಿರುಗಿತ್ತು, ಇನ್ನರ್ಧ ಹಚ್ಚ ಹಸಿರು. ನೀರು ಸಾಲದೆ ಹೋದಾಗ ಈ ಮರ ಕೆಲವು ಕೊಂಬೆಗೆ ನೀರು ನಿಲ್ಲಿಸ್ಬಿಟ್ಟು ಉಳಿದಿದ್ದನ್ನ ಬದುಕಿಸ್ಕೊಳತ್ತೆ.

ಜನ ಸಾಮಾನ್ಯವಾಗಿ ಅಲ್ಲಿಂದ ವಾಪಸ್ ಹೋಗ್ತಾರೆ. ನಾನು ಪ್ರಿಮಿಟಿವ್ ಟ್ರೇಲ್ ಹಿಡ್ದೆ, ಸುತ್ತಿ ಬರೋ ಕಷ್ಟದ ದಾರಿ, ಎಲ್ಲಾ ಸೇರಿ 8 ಮೈಲಿ ಹತ್ರ ಆಗತ್ತೆ. ಹತ್ತು ನಿಮಿಷಕ್ಕೆ ನಿಶ್ಶಬ್ದ ಹೇಗಾಯ್ತು ಅಂದ್ರೆ ಮೇಲೆ ಹೋದ ಒಂದು ಕಾಗೆ ಜಾತಿ ಹಕ್ಕಿಯ ರೆಕ್ಕೆ ಗಾಳಿ ಸೀಳೋ ಸದ್ದು ಕೇಳಿಸ್ತು. ಇಲ್ಲಿ ದಾರಿ ಅಂತ ಕಾಣಲ್ಲ, ಕಲ್ಲು ಮೇಲೆ ಕಲ್ಲಿಟ್ಟ ಪುಟ್ಟ ಪುಟ್ಟ ಗುಡ್ಡೆಗಳೇ ಗುರುತು, ಒಂದರಿಂದ ಇನ್ನೊಂದು ಹುಡುಕ್ಕೊಂಡು ಹೋಗ್ಬೇಕು.

ಫಿನ್ ಕ್ಯಾನ್ಯನ್ ಕಡೆ ಒಂದು ಒಣ ಹಳ್ಳದಲ್ಲಿ ಮರಳ ಮೇಲೆ ಹೆಜ್ಜೆ ಗುರುತು ಕಂಡ್ವು, ಅದನ್ನೇ ನಂಬಿ ಹೋಗ್ತಾ ಹೋಗ್ತಾ ಒಂದು ಗುಡ್ಡೆನೂ ಕಾಣ್ಲಿಲ್ಲ ಅಂತ ತಡವಾಗಿ ಗೊತ್ತಾಯ್ತು. ದಾರಿ ತಪ್ಪಿದೋರ ಹೆಜ್ಜೆ ಅವು. ನಿಂತೆ, ನೀರು ಕುಡ್ದೆ, ಸುತ್ತ ನೋಡ್ದೆ. ಬಲಗಡೆ ಬಂಡೆ ಮೇಲೆ ಗುಡ್ಡೆ ಇದೆ, ಐವತ್ತು ಹೆಜ್ಜೆ ಇರ್ಬೋದು ಅಷ್ಟೇ! ಆದ್ರೆ ನಡುವೆ ಪೂರ್ತಿ ಆ ಕರಿ ಮಣ್ಣು.

ಆ ಮಣ್ಣಿನ ಬಗ್ಗೆ ಹೇಳ್ಬೇಕು. ನೋಡೋಕೆ ಸುಟ್ಟ ಹಾಗೆ, ಮೇಲೆಲ್ಲಾ ಪುಟ್ಟ ಪುಟ್ಟ ಗೋಪುರದ ಥರ ಉಬ್ಬು. ಅದು ಜೀವ ಇರೋ ಮಣ್ಣು. ಸಯನೋಬ್ಯಾಕ್ಟೀರಿಯಾ ಅನ್ನೋ ಸೂಕ್ಷ್ಮ ಜೀವಿಗಳ ಎಳೆಗಳು ಮರಳಿನ ಕಣಗಳನ್ನ ಹೊಲಿದ ಹಾಗೆ ಹಿಡ್ಕೊಂಡಿರ್ತವೆ, ಜೊತೆಗೆ ಪಾಚಿ, ಕಲ್ಲುಹೂವು. ಗಾಳಿಗೆ ಮರಳು ಹಾರದ ಹಾಗೆ, ಬಿದ್ದ ಮಳೆ ಇಂಗೋ ಹಾಗೆ ಮಾಡೋದು, ಗಾಳಿಯ ಸಾರಜನಕ ಹಿಡ್ದು ಗಿಡಗಳಿಗೆ ಕೊಡೋದು ಎಲ್ಲಾ ಇದೇ. ಒಂದು ಸಲ ಬೂಟು ಕಾಲಿಟ್ರೆ ಮುರಿಯತ್ತೆ, ಮತ್ತೆ ಮೊದಲಿನ ಹಾಗಾಗೋಕೆ ಹತ್ತಾರು ವರ್ಷ ಬೇಕು.

ಸುಸ್ತಾಗಿತ್ತು, ಯಾರೂ ನೋಡ್ತಿರ್ಲಿಲ್ಲ. ಅಡ್ಡ ಹೋಗ್ಬಿಡೋಣ ಅಂತ ಮನಸ್ಸಿಗೆ ಬಂದಿದ್ದು ನಿಜ. ಆದ್ರೆ ಬಗ್ಗಿ ನೋಡಿದಾಗ ಅಲ್ಲಿ ಒಂದೇ ಒಂದು ಹಳೇ ಹೆಜ್ಜೆ ಗುರುತಿತ್ತು, ಯಾವಾಗಿಂದೋ ಏನೋ, ಅಂಚುಗಳು ಸವೆದು ಹೋಗಿವೆ, ಒಳಗೆ ಮಾತ್ರ ಇನ್ನೂ ಬರೀ ಕೆಂಪು ಮರಳು. ಅದ್ರ ಪಕ್ಕ ನನ್ನದೂ ಒಂದು ಇಡೋಕೆ ಕಾಲು ಬರ್ಲಿಲ್ಲ. ಬಂದ ದಾರೀಲೇ ಹಳ್ಳದ ಮರಳಲ್ಲಿ ವಾಪಸ್ ನಡೆದೆ, ಹದಿನೈದು ನಿಮಿಷ ಆದ್ಮೇಲೆ ಕೊನೇ ಗುಡ್ಡೆ ಸಿಕ್ತು, ದಾರಿ ಅಲ್ಲೇ ಬಲಕ್ಕೆ ಬಂಡೆ ಹತ್ತಿತ್ತು, ನಾನು ಕೆಳಗೆ ನೋಡ್ಕೊಂಡು ದಾಟ್ಬಿಟ್ಟಿದ್ದೆ.

ಆಮೇಲಿಂದ ಗಡಿಬಿಡಿ ಪೂರ್ತಿ ಹೋಯ್ತು. ಒಂದು ಗುಡ್ಡೆ ಕಂಡ ಮೇಲೇ ಇನ್ನೊಂದು ಬಿಡೋದು, ಬಂಡೆ ಮೇಲೆ ಕಾಲು, ಇಲ್ಲಾ ಹಳ್ಳದ ಮರಳ ಮೇಲೆ ಕಾಲು. ಒಂದು ಕಡೆ ನೀರು ನಿಂತ ಗುಂಡಿ ಮೇಲೆ ಇಳಿಜಾರು ಕಲ್ಲನ್ನ ಅಡ್ಡಡ್ಡ ದಾಟ್ಬೇಕು, ಕೂತ್ಕೊಂಡೇ ಸರಿದೆ. ಒದ್ದೆ ಇದ್ರೆ, ಹಿಮ ಬಿದ್ದಿದ್ರೆ ಈ ದಾರಿಗೆ ಹೋಗ್ಬೇಡಿ.

ಕಾರ್ ಹತ್ರ ಬಂದಾಗ ನಾಲ್ಕೂವರೆ, ಬ್ಯಾಗಲ್ಲಿ ಅರ್ಧ ಲೀಟರ್ ಉಳಿದಿತ್ತು. ಮೋಆಬ್ ತಲುಪಿ ಸಿಗ್ನಲ್ ಬಂದ ತಕ್ಷಣ ಅಕ್ಕಂಗೆ ಮೆಸೇಜ್ ಹಾಕ್ದೆ. ಫೋಟೋ ಕಳ್ಸೇ ಅಂದ್ಲು. ಮೊದಲು ಕಳ್ಸಿದ್ದು ಆ ಕರಿ ಮಣ್ಣಿಂದು. "ಇದೇನೇ ಇದು, ಸುಟ್ಟಿರೋ ಹಾಗಿದೆಯಲ್ಲ?" ಅಂತ ಬರೆದ್ಲು. ಬೂಟೂ ಬಿಚ್ದೆ ಅಲ್ಲೇ ಮೆಟ್ಟಿಲ ಮೇಲೆ ಕೂತು, ಉದ್ದಕ್ಕೆ ಟೈಪ್ ಮಾಡೋಕೆ ಶುರು ಮಾಡ್ದೆ.