ಹಗೇವದೊಳಗಿನ ಕೀಲಿಕೈ

ತಿಂಗಳ ಜಿಎಸ್‌ಟಿ 3ಬಿ ರಿಟರ್ನ್ ತುಂಬಲು ಕಡೇ ದಿನ 20ನೇ ತಾರೀಖು. ನಾನು ಲ್ಯಾಪ್‌ಟಾಪಿಗೆ ಅಪ್‌ಗ್ರೇಡ್ ಹಾಕಿದ್ದು 19ರ ರಾತ್ರಿ ಹತ್ತೂವರೆಗೆ. ನನ್ನ ಬುದ್ಧಿ ಎಷ್ಟು ಅಂತ ಇಷ್ಟರಲ್ಲೇ ತಿಳಿದಿರಬೇಕು.

ವಿಜಯಪುರದ ಗಾಂಧಿ ಚೌಕದ ಹತ್ತಿರ ನಮ್ಮದೊಂದು ಸಣ್ಣ ಲೆಕ್ಕಪತ್ರದ ಆಫೀಸು. ಅಪ್ಪ ಕಿರ್ದಿ ಬರೆದು ಬೆಳೆಸಿದ್ದು, ನಾನು ಉಬುಂಟು ಎಂಬ ಆಪರೇಟಿಂಗ್ ಸಿಸ್ಟಂಗೆ ಏರಿಸಿದ್ದು. ಗಿರಾಕಿಗಳು ಹೆಚ್ಚಾಗಿ ಒಣದ್ರಾಕ್ಷಿ ವ್ಯಾಪಾರಸ್ಥರು. ಅವರ ಪ್ಯಾನು, ಆಧಾರ್, ಬ್ಯಾಂಕಿನ ಕಾಗದ ಎಲ್ಲ ಲ್ಯಾಪ್‌ಟಾಪಿನೊಳಗೇ ಇರುವುದರಿಂದ ಪೂರ್ತಿ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿ, ಅಂದರೆ ಪಾಸ್‌ವರ್ಡಿನ ಬೀಗ ಹಾಕಿ ಇಟ್ಟಿದ್ದೆ. ಹಾಗೆ ಮಾಡಿದಾಗ ಮಷೀನ್ ಶುರುವಾಗಲು ಬೇಕಾದ ಫೈಲುಗಳಿರುವ ಬೂಟ್ ಭಾಗ ಬೇರೆಯಾಗಿ, ಬೀಗದ ಹೊರಗೆ ಉಳಿಯುತ್ತದೆ. ನನ್ನದರಲ್ಲಿ ಅದಕ್ಕೆ ಸಿಕ್ಕಿದ್ದು 700 ಎಂಬಿ ಚಿಲ್ಲರೆ.

ಸಿಸ್ಟಂನ ತಿರುಳಾದ ಕರ್ನಲ್ ಹೊಸದು ಇಳಿಯುತ್ತಿದ್ದಾಗ ‘ಜಾಗವಿಲ್ಲ’ ಎಂದು ಕೆಲಸ ನಿಂತಿತು. ಬೂಟ್ ಫೋಲ್ಡರಿನಲ್ಲಿ ಇಣುಕಿದೆ. ವಿಎಂಲಿನಜ್ ಅಂದರೆ ಕರ್ನಲ್ ಅಂತ ಗೊತ್ತಿತ್ತು, ಅವನ್ನು ಮುಟ್ಟಲಿಲ್ಲ. ಪಕ್ಕದಲ್ಲೇ ‘ಇನಿಟ್‌ಆರ್‌ಡಿ’ ಹೆಸರಿನ ದಪ್ಪ ದಪ್ಪ ಫೈಲುಗಳಿದ್ದವು. ಹಳೇ ಬ್ಯಾಕಪ್ ಇರಬೇಕೆಂದು ಮೂರನ್ನೂ ಅಳಿಸಿ, ಅಪ್‌ಗ್ರೇಡ್ ಮತ್ತೆ ಓಡಿಸಿದೆ. ಹೊಸ ಇನಿಟ್‌ಆರ್‌ಡಿ ತಯಾರಾಗುತ್ತಿದೆ ಎಂಬ ಸಾಲು ಬಂತು, ಕರೆಂಟು ಹೋಯಿತು. ಬ್ಯಾಟರಿ ಸತ್ತು ವರ್ಷವಾಗಿತ್ತು. ಹೊಸದು ಹಾಕಿಸು ಅಂತ ಅಪ್ಪ ಹೇಳುತ್ತಲೇ ಇದ್ದರು.

ಇಪ್ಪತ್ತು ನಿಮಿಷಕ್ಕೆ ಕರೆಂಟು ಬಂತು. ಆನ್ ಮಾಡಿದರೆ ಪಾಸ್‌ವರ್ಡ್ ಕೇಳುವ ಪರದೆಯೇ ಇಲ್ಲ. ಇನಿಟ್‌ಆರ್‌ಡಿ ಸಿಗಲಿಲ್ಲ ಎಂದೊಂದು ಸಾಲು, ಅದರ ಹಿಂದೆಯೇ ಕರ್ನಲ್ ಪ್ಯಾನಿಕ್ (ಮುಂದೆ ಹೋಗಲಾಗದೆ ಕರ್ನಲ್ ಕೈಚೆಲ್ಲುವುದು): ರೂಟ್ ಎಂಬ ಮುಖ್ಯ ಭಾಗ ಮೌಂಟ್ ಆಗುತ್ತಿಲ್ಲ, ಅಂದರೆ ಜೋಡಣೆಯಾಗುತ್ತಿಲ್ಲ, ಅನ್‌ನೋನ್ ಬ್ಲಾಕ್ (0,0). ಕ್ಯಾಪ್ಸ್ ಲಾಕ್ ದೀಪ ಮಿಣುಕ್ ಮಿಣುಕ್ ಅನ್ನುತ್ತಿತ್ತು. ಎಸ್ಕೇಪ್ ಒತ್ತಿ ಯಾವ ಕರ್ನಲ್ ಬೇಕೆಂದು ಆರಿಸುವ ಗ್ರಬ್ ಮೆನು ಎಬ್ಬಿಸಿ, ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿದ್ದ ಹಳೇ ಕರ್ನಲ್ ಆರಿಸಿದೆ. ಎಷ್ಟೋ ಸಲ ಅಷ್ಟಕ್ಕೇ ಬಗೆಹರಿಯುತ್ತದೆ. ನನಗೆ ಮಾತ್ರ ಎಲ್ಲದಕ್ಕೂ ಅದೇ ಗತಿ.

ಬೆಳಗಾವಿಯಲ್ಲಿ ಸರ್ವರ್ ನೋಡಿಕೊಳ್ಳುವ ಮಾಮಾನ ಮಗನಿಗೆ ಫೋನ್ ಹಚ್ಚಿದೆ. ರಾತ್ರಿ ಹನ್ನೊಂದೂವರೆ.

“ಅಣ್ಣಾ, ಅಪ್‌ಗ್ರೇಡ್ ಮಾಡಿದ್ದಕ್ಕ ಮಷೀನ್ ಹೋತು.”

“ಅಪ್‌ಗ್ರೇಡ್ ಇರ್ಲಿ. ನೀ ಏನ್ ಅಳಿಸ್ದಿ ಅದನ್ನ ಮೊದ್ಲ ಹೇಳು.”

ಹೇಳಿದೆ. ಅವನು ನಕ್ಕು ನಕ್ಕು ಕೆಮ್ಮಿದ. “ಪಾಸ್‌ವರ್ಡ್ ಕೇಳೂದು, ಬೀಗ ತೆಗಿಯೂದು ಎಲ್ಲಾ ಆ ಇನಿಟ್‌ಆರ್‌ಡಿ ಕೆಲಸನ. ಕರ್ನಲ್‌ಗೆ ತಾನಾಗಿ ಬರೂದಿಲ್ಲ. ಕಾಳಿನ ಹಗೇವ ಮುಚ್ಚಿ, ಕೀಲಿಕೈ ಒಳಗ ಒಗದಿ ನೋಡು.”

ಮೇಜಿನ ಖಾನೆಯಲ್ಲಿ ಉಬುಂಟು ಹಾಕಿದಾಗಿನ ಪೆನ್‌ಡ್ರೈವ್ ಸಿಕ್ಕಿತು. ಡಿಸ್ಕ್ ಬಿಟ್ಟು ಅದರಿಂದಲೇ ಉಬುಂಟು ಎಬ್ಬಿಸಿ (ಲೈವ್ ಬೂಟ್), ಫೈಲ್ಸ್ ಕಿಟಕಿಯಲ್ಲಿ ಡಿಸ್ಕ್ ಮೇಲೆ ಕ್ಲಿಕ್ಕಿಸಿ ಪಾಸ್‌ವರ್ಡ್ ಕೊಟ್ಟೆ. ಫೋಲ್ಡರುಗಳೆಲ್ಲ ಇದ್ದಂತೇ ಇದ್ದವು. ಮೊದಲು ಲೆಕ್ಕದ ಫೈಲುಗಳನ್ನು ಬೇರೆ ಪೆನ್‌ಡ್ರೈವಿಗೆ ಇಳಿಸಿಕೊಂಡೆ. ಮಾಡಿದ್ದರಲ್ಲಿ ಬುದ್ಧಿವಂತಿಕೆಯ ಕೆಲಸ ಅದೊಂದೇ.

ಆಮೇಲೆ ಅಣ್ಣ ಹೇಳಿದಂತೆ ರೂಟ್, ಅದರೊಳಗೆ ಬೂಟ್, ಬೂಟ್‌ನೊಳಗೆ ಇಎಫ್‌ಐ ಮೌಂಟ್ ಮಾಡಿ, ಡೆವ್, ಪ್ರಾಕ್, ಸಿಸ್ ಎಂಬ ಸಿಸ್ಟಂ ಫೋಲ್ಡರು ಮೂರನ್ನೂ ಬೈಂಡ್ ಮಾಡಿ ಚ್ರೂಟ್ ಹೊಕ್ಕೆ, ಅಂದರೆ ಪೆನ್‌ಡ್ರೈವಿನಿಂದಲೇ ನನ್ನ ಡಿಸ್ಕಿನ ಉಬುಂಟುವಿನೊಳಗೆ ಇಳಿದೆ. ಬೂಟ್ ಮೌಂಟ್ ಮಾಡಲು ಮರೆತರೆ ಹೊಸ ಫೈಲು ರೂಟ್‌ನಲ್ಲೇ ಹೋಗಿ ಕೂರುತ್ತದಂತೆ. ತೀರಾ ಹಳೆಯ ಕರ್ನಲನ್ನು ಪರ್ಜ್ ಮಾಡಿ (ಪೂರ್ತಿ ತೆಗೆದು), ಒಂದರ ಹಿಂದೊಂದು ಆಜ್ಞೆ ಕೊಟ್ಟೆ: ಅರ್ಧಕ್ಕೆ ನಿಂತ ಅಪ್‌ಗ್ರೇಡ್ ಮುಗಿಸಲು ಡಿಪಿಕೆಜಿ ಕಾನ್ಫಿಗರ್, ಹೊಸ ಇನಿಟ್‌ಆರ್‌ಡಿ ಮಾಡಲು ಅಪ್‌ಡೇಟ್ ಇನಿಟ್‌ರಾಮ್‌ಎಫ್‌ಎಸ್, ಮೆನು ಸರಿಪಡಿಸಲು ಅಪ್‌ಡೇಟ್ ಗ್ರಬ್. ನಡುವೆ, ಬೀಗದ ಕೆಲಸ ನೋಡುವ ಕ್ರಿಪ್ಟ್‌ಸೆಟಪ್ ಕಡೆಯಿಂದ ‘ಕ್ರಿಪ್ಟ್‌ಸೆಟಪ್: ವಾರ್ನಿಂಗ್’ ಅಂತ ಏನೋ ಹಾದುಹೋಯಿತು. ವಾರ್ನಿಂಗ್ ತಾನೆ, ಎರರ್ ಅಲ್ಲವಲ್ಲ ಅಂದುಕೊಂಡೆ.

ರೀಸ್ಟಾರ್ಟ್. ಪ್ಯಾನಿಕ್ ಇಲ್ಲ, ಪಾಸ್‌ವರ್ಡೂ ಕೇಳಲಿಲ್ಲ. ಬಹಳ ಹೊತ್ತು ಕಾಯಿಸಿ, ರೂಟ್ ಡಿಸ್ಕ್ ಇಲ್ಲವೆಂದು ಹೇಳಿ, ಬರೀ ‘ಇನಿಟ್‌ರಾಮ್‌ಎಫ್‌ಎಸ್’ ಎಂಬ ಬೋಳು ಪ್ರಾಂಪ್ಟಿನಲ್ಲಿ ನಿಂತಿತು. ಒಂದೂವರೆಗೆ ಮತ್ತೆ ಫೋನು.

“ಡಿಸ್ಕ್ ಹೆಂಗ ತೆಗದಿ?”

“ಕ್ಲಿಕ್ ಮಾಡಿದೆ.”

“ಅಲ್ಲೇ ಎಡವಿದಿ. ಕ್ಲಿಕ್ ಮಾಡಿದ್ರ ಅದು ಲಕ್ಸ್ ಅಂತ ಉದ್ದಾನ ಹೆಸರು ತಾನ ಇಡ್ತದ. ಕ್ರಿಪ್ಟ್‌ಟ್ಯಾಬ್ ಅಂತ ಬೀಗದ ಪಟ್ಟಿ ಅದ, ತಗದು ನೋಡು, ಅಲ್ಲಿ ಏನ್ ಹೆಸರದ?”

ಅಲ್ಲಿದ್ದದ್ದು ಎಸ್‌ಡಿಎ3_ಕ್ರಿಪ್ಟ್. ನಾನು ತೆಗೆದ ಹೆಸರು ಆ ಪಟ್ಟಿಯಲ್ಲಿ ಇಲ್ಲದ್ದರಿಂದ, ಬೀಗ ತೆಗೆಯುವ ವಿವರವನ್ನು ಹೊಸ ಇನಿಟ್‌ಆರ್‌ಡಿಯೊಳಗೆ ಸೇರಿಸದೆ ಬಿಟ್ಟಿತ್ತು. ವಾರ್ನಿಂಗ್ ಅದನ್ನೇ ಹೇಳಿತ್ತು. ಜಾಗವಿಲ್ಲ ಅಂದದ್ದನ್ನೂ ನಾನು ಹೀಗೇ ಅರ್ಧ ಓದಿದ್ದೆ.

ಮತ್ತೆ ಪೆನ್‌ಡ್ರೈವ್. ಈ ಸಲ ಟರ್ಮಿನಲ್‌ನಲ್ಲಿ ಕ್ರಿಪ್ಟ್‌ಸೆಟಪ್‌ನಿಂದಲೇ, ಪಟ್ಟಿಯಲ್ಲಿದ್ದ ಹೆಸರನ್ನು ಅಕ್ಷರ ಬಿಡದೆ ಕೊಟ್ಟು ತೆಗೆದೆ. ಉಳಿದದ್ದೆಲ್ಲ ಮೊದಲಿನ ಹಾಗೇ. ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದೆ. ವಾರ್ನಿಂಗ್ ಇರಲಿಲ್ಲ.

ಎರಡೂ ಕಾಲಿಗೆ ಪಾಸ್‌ವರ್ಡ್ ಪರದೆ ಬಂತು. ಹೊಡೆದೆ, ತಪ್ಪು ಅಂದಿತು. ಮತ್ತೆ ಹೊಡೆದೆ, ಮತ್ತೆ ತಪ್ಪು. ಅಂಗೈ ಬೆವೆತಿತು. ಆಗ ಕಂಡಿತು ಕ್ಯಾಪ್ಸ್ ಲಾಕ್ ದೀಪ. ಈಗ ಮಿಣುಕದೆ, ನೆಟ್ಟಗೆ ಉರಿಯುತ್ತಿತ್ತು.

ಎಂಟಕ್ಕೆ ಅಪ್ಪ ಬಂದಾಗ ಮೊದಲ ರಿಟರ್ನ್ ತುಂಬುತ್ತಿದ್ದೆ. ನನ್ನ ಕಣ್ಣು ನೋಡಿದರು, ಲ್ಯಾಪ್‌ಟಾಪಿನ ವೈರು ನೋಡಿದರು.

“ಬ್ಯಾಟರಿಗೆ ಎಷ್ಟ್ ಅಂತೋ?” ಅಂದು ಕಿಸೆಗೆ ಕೈ ಹಾಕಿದರು.