ಗುಳಿಗೆ ಕೊಡುವವರ ಲೆಕ್ಕ

12 ಜುಲೈ 2025, ಶನಿವಾರ
ಉಡುಪಿ

ಮುಂದಿನ ವಾರದ ಸೆಮಿನಾರಿಗೆ ನನ್ನ ಪಾಲಿಗೆ ಬಂದ ವಿಷಯ: ಏಷ್ಯಾದಲ್ಲಿ ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳುವ, ಭ್ರಮೆ ಕಾಡುವ ಮನೋರೋಗ) ರೋಗಿಗಳು ವರ್ಷಗಳ ನಂತರ ಹೇಗಿರುತ್ತಾರೆ. ಇದಕ್ಕೆ ರೆಡಿಮೇಡ್ ಉತ್ತರ ಉಂಟು. ನಮ್ಮಂಥ ದೇಶಗಳಲ್ಲಿ ಹೆಚ್ಚು ಜನ ಚೇತರಿಸಿಕೊಳ್ಳುತ್ತಾರೆ, ಯಾಕೆಂದರೆ ನಮ್ಮಲ್ಲಿ ಕುಟುಂಬ ಕೈಬಿಡುವುದಿಲ್ಲ. ಎಲ್ಲರೂ ಮೊದಲ ಸ್ಲೈಡಿಗೇ ಇದನ್ನು ಹಾಕುತ್ತಾರೆ, ಎದುರು ಕೂತವರೂ ತಲೆಯಾಡಿಸುತ್ತಾರೆ. ಮನೆಭೇಟಿಗೆ ಹೋಗುವ ನನಗೆ ಮಾತ್ರ, ಕುಟುಂಬದಲ್ಲಿ ಯಾರು ಅಂತ ಕೇಳದೆ ಸಮಾಧಾನವಿಲ್ಲ.

ಈ ಮಾತು ಸುಮ್ಮನೆ ಹುಟ್ಟಿದ್ದಲ್ಲ. 1960ರ ದಶಕದ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆ ಒಂಬತ್ತು ಊರುಗಳಲ್ಲಿ 1,202 ರೋಗಿಗಳನ್ನು ಒಂದೇ ಬಗೆಯ ಪ್ರಶ್ನಾವಳಿ ಹಿಡಿದು ಪರೀಕ್ಷಿಸಿತು. ಏಷ್ಯಾದಿಂದ ಆಗ್ರಾ, ತೈಪೆ ಇದ್ದವು. ಎರಡು ವರ್ಷ, ಐದು ವರ್ಷ ಬಿಟ್ಟು ನೋಡಿದಾಗ ಆಗ್ರಾ ಮತ್ತು ನೈಜೀರಿಯಾದ ಇಬಾದಾನಿನವರು ಲಂಡನ್, ವಾಷಿಂಗ್ಟನ್‌ನವರಿಗಿಂತ ಎಷ್ಟೋ ಮೇಲಿದ್ದರು. 1978ರಿಂದ ಹತ್ತು ದೇಶಗಳ ಇನ್ನೂ ದೊಡ್ಡ ಅಧ್ಯಯನ ನಡೆಯಿತು. ಅದರಲ್ಲಿ ಚಂಡೀಗಢದ ಪೇಟೆ, ಅದರ ಸುತ್ತಲಿನ ಹಳ್ಳಿ, ಜಪಾನಿನ ನಾಗಸಾಕಿ ಎಲ್ಲ ಬಂದವು. ಉತ್ತರ ಹೆಚ್ಚುಕಡಿಮೆ ಅದೇ: ಬಡ ದೇಶಗಳವರೇ ಮೇಲು.

ಆದರೆ ಬಡ ದೇಶಗಳ ಕೇಂದ್ರಗಳಲ್ಲಿ ಕಾಯಿಲೆ ದಿಢೀರನೆ ಶುರುವಾದವರೇ ಜಾಸ್ತಿ ಇದ್ದರು. ಹಾಗೆ ಶುರುವಾದದ್ದು ಎಲ್ಲಿಯಾದರೂ ಸಾಮಾನ್ಯವಾಗಿ ಬೇಗ ಇಳಿಯುತ್ತದೆ. ಕುಟುಂಬಕ್ಕೆ ಸಲ್ಲಿಸಿದ ಶ್ರೇಯಸ್ಸಿನಲ್ಲಿ ಇದರ ಪಾಲೆಷ್ಟು? 2008ರಲ್ಲಿ ಕೊಹೆನ್, ವಿಕ್ರಮ್ ಪಟೇಲ್, ಚೆನ್ನೈನ ಆರ್. ತಾರಾ, ಗುರೆಜೆ ಎಂಬ ಸಂಶೋಧಕರು ಸೇರಿ 11 ದೇಶಗಳ 23 ಅಧ್ಯಯನ ಮುಂದಿಟ್ಟುಕೊಂಡು, ಚಿತ್ರ ಒಂದೇ ಬಣ್ಣದ್ದಲ್ಲ ಎಂದು ಬರೆದರು. ತಾರಾ ಅವರ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಮದರಾಸಿನಲ್ಲಿ ಮೊದಲ ಬಾರಿ ಕಾಯಿಲೆ ಕಂಡ 90 ಜನರನ್ನು 1980ರ ದಶಕದ ಆರಂಭದಿಂದ ಇಪ್ಪತ್ತೈದು ವರ್ಷ ಬೆನ್ನು ಹತ್ತಿದ ತಂಡ ಅವರದು. ಗಂಡನ ಮನೆಯಿಂದ ತವರಿಗೆ ವಾಪಸಾದ ರೋಗಿ ಹೆಂಗಸರ ಬಗ್ಗೆಯೂ ಬರೆದವರು ಅವರೇ. ಅಲ್ಲಿ ಕೈಬಿಟ್ಟದ್ದೂ ಒಂದು ಕುಟುಂಬವೇ.

ಇವತ್ತು ಮಳೆಯಲ್ಲೇ ಕೋಟದ ಕಡೆ ಒಂದು ಮನೆಭೇಟಿಗೆ ಹೋಗಿದ್ದೆ. ರೋಗಿ ಆ ಮನೆಯ ಮಗ, ಮಲ್ಪೆ ಬಂದರಿನಲ್ಲಿ ಬೋಟಿಗೆ ಐಸ್ ತುಂಬುವವನು. ಜೂನ್, ಜುಲೈ ಟ್ರಾಲಿಂಗ್ ನಿಷೇಧ, ಹಾಗಾಗಿ ಮನೆಯಲ್ಲೇ ಇದ್ದ. ನಮ್ಮ ಅಧ್ಯಯನದ ಫಾರ್ಮಿನ ಪ್ರಕಾರ ಅವನದು ಒಳ್ಳೆಯ ಕೇಸು: ದುಡಿಯುತ್ತಾನೆ, ಮಾತ್ರೆ ತಪ್ಪಿಲ್ಲ, ಎರಡು ವರ್ಷದಿಂದ ಅಡ್ಮಿಟ್ ಆಗಿಲ್ಲ. ಅಮ್ಮನನ್ನು ಕೇಳಿದೆ. "ನಾ ಎದ್ರಿಗ್ ಕೂಕಂಡ್ರೆ ತಿಂತ. ಇಲ್ದಿದ್ರೆ ಗುಳಿಗಿ ತೆಂಗಿನ ಕಟ್ಟಿಗೆ" ಅಂದರು. ತೆಂಗಿನ ಬುಡಕ್ಕೆ ಬಿಸಾಡುತ್ತಾನೆ ಅಂತ. ಅಪ್ಪ, ಅಣ್ಣ, ಅತ್ತಿಗೆ ಎಲ್ಲ ಒಂದೇ ಸೂರಿನಡಿ ಇದ್ದಾರೆ. ಫಾರ್ಮಿನಲ್ಲಿ "ಕುಟುಂಬದ ಬೆಂಬಲ: ಉತ್ತಮ" ಎಂಬಲ್ಲಿ ಟಿಕ್ ಹಾಕಿಯಾಗಿದೆ. ಬೆಂಬಲ ಕೊಡುವ ಕೈ ಇರುವುದು ಎರಡೇ.

ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳನ್ನು ನಾವು ಕೇಳುವುದು ರೋಗಿಗೆ. ಇವತ್ತು ಅಮ್ಮನಿಗೂ ಕೇಳಿದೆ. ನಿದ್ದೆ ಹೇಗಮ್ಮಾ ಅಂದದ್ದಕ್ಕೆ "ಅಂವ ಮಲ್ಗದ್ ಮೇಲೆ ನಾ ಮಲ್ಗುದ್." ಊಟ? "ಸೇರುದಿಲ್ಲೆ." ಕೂಡಿ ನೋಡಿದರೆ ಅಂಕ ಹತ್ತು ದಾಟಿತು. ಅಂದರೆ ಡಾಕ್ಟರರು ನೋಡಲೇಬೇಕು. ಮಂಗಳವಾರ ಕುಂದಾಪುರ ತಾಲೂಕು ಆಸ್ಪತ್ರೆಗೆ ಬನ್ನಿ, ಮನಸ್ಸಿನ ಕಾಯಿಲೆ ನೋಡುವ ಮನೋಚೈತನ್ಯ ಕ್ಲಿನಿಕ್ ಇರುತ್ತದೆ ಅಂದೆ. ಮಗನನ್ನು ಯಾರ ಹತ್ತಿರ ಬಿಟ್ಟು ಬರಲಿ ಅಂತ ನನ್ನನ್ನೇ ಕೇಳಿದರು. ಅಣ್ಣ ಅಲ್ಲೇ ಮೊಬೈಲ್ ನೋಡುತ್ತಿದ್ದ. ಅವನಿಗೇ ಮಾತ್ರೆಯ ಡಬ್ಬಿ ಕೊಟ್ಟು, ರಾತ್ರಿಯದ್ದು ಇನ್ನು ನಿಮ್ಮ ಜವಾಬ್ದಾರಿ ಅಂದು ಬಂದೆ. ಮುಖ ಸಣ್ಣ ಮಾಡಿದ. ಮಾಡಲಿ ಮಾರಾಯ್ರೆ.

 

ಮನಸ್ಸಿನ ಕಾಯಿಲೆಗಳನ್ನು ಮನೆಮನೆಗೆ ಹೋಗಿ ಎಣಿಸುವುದಕ್ಕೆ ಇದೇ ಕೋಟ ಹಿಂದೆ ಹೆಸರಾಗಿತ್ತು ಎಂಬುದು ನಮ್ಮ ಹುಡುಗರಲ್ಲಿ ಅರ್ಧ ಮಂದಿಗೆ ಗೊತ್ತಿಲ್ಲ. ಕೋಟ ಅಂದರೆ ಅವರಿಗೆ ಶಿವರಾಮ ಕಾರಂತರು ಮಾತ್ರ. ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ರವಿ ಕಪೂರ್ ಎಂಬ ಮನೋವೈದ್ಯರು ಇಲ್ಲಿನ ಬ್ರಾಹ್ಮಣ, ಬಂಟ, ಮೊಗವೀರ ಮನೆಗಳಲ್ಲಿ ಮಾಡಿದ ಅಧ್ಯಯನ 1976ರಲ್ಲಿ ಪುಸ್ತಕವಾಯಿತು. ಅವರು ಕಾಯಿಲೆಯ ಹೆಸರಿಗಿಂತ ಲಕ್ಷಣ ಮತ್ತು ದಿನನಿತ್ಯದ ಬದುಕಿನ ಏರುಪೇರು ಎಣಿಸಿದರು. ವೈದ್ಯ, ಮಂತ್ರವಾದಿ, ದೈವ ಮೈಮೇಲೆ ಬರುವ ಪಾತ್ರಿ ಮೂವರನ್ನೂ ಕೂತು ಮಾತಾಡಿಸಿದರು. ಆಸ್ಪತ್ರೆಯ ಬಾಗಿಲಲ್ಲಿ ಕೂತು ಎಣಿಸಿದರೆ ಇವತ್ತಿನ ಅಮ್ಮನಂಥವರು ಜೊತೆಗೆ ಬಂದವರ ಸಾಲಿನಲ್ಲೇ ಉಳಿಯುತ್ತಾರೆ.

ಮನೆಗೆ ಹೋಗದೆ ಸಿಗದವರು ಇನ್ನೂ ಇದ್ದಾರೆ. ಚೀನಾದ ಚೆಂಗ್ಡು ಬಳಿಯ ಷಿನ್‌ಜಿನ್ ಕೌಂಟಿಯಲ್ಲಿ 1994ರಲ್ಲಿ 1,23,572 ಜನರನ್ನು ಜಾಲಾಡಿ 510 ಸ್ಕಿಜೋಫ್ರೇನಿಯಾ ರೋಗಿಗಳನ್ನು ಗುರುತಿಸಿದರು. ನೂರಕ್ಕೆ ಮೂವತ್ತರಷ್ಟು ಮಂದಿ ಔಷಧಿಯ ಮುಖವನ್ನೇ ಕಂಡಿರಲಿಲ್ಲ. ಎರಡು ವರ್ಷದ ನಂತರವೂ ಅವರ ಸ್ಥಿತಿ ಚಿಕಿತ್ಸೆ ಪಡೆದವರಿಗಿಂತ ಕೆಟ್ಟದಾಗಿತ್ತು. ಅವರಿಗೂ ಕುಟುಂಬ ಇತ್ತಲ್ಲ? ಆಗುಂಬೆ ಘಾಟಿ ಹತ್ತಿದರೆ ಸಿಗುವ ತೀರ್ಥಹಳ್ಳಿಯಲ್ಲಿ 2005ರಿಂದ ನಿಮ್ಹಾನ್ಸ್ ತಂಡ ಊರಲ್ಲೇ ರೋಗಿಗಳನ್ನು ಹುಡುಕಿ ಔಷಧಿ ಕೊಟ್ಟು ವರ್ಷಗಟ್ಟಲೆ ನೋಡಿಕೊಂಡಿದೆ. ನನ್ನ ಮಟ್ಟಿಗೆ ಸೆಮಿನಾರಿನ ಕೊನೆಯ ಸ್ಲೈಡು ಅದೇ.

ಸಂಜೆ ಸರ್‌ಗೆ ಫೋನ್ ಮಾಡಿ ನಮ್ಮ ಅಧ್ಯಯನದ ಫಾರ್ಮಿನಲ್ಲಿ ಎರಡು ಸಾಲು ಸೇರಿಸೋಣ ಅಂದೆ: ಮಾತ್ರೆ ಕೊಡುವವರು ಯಾರು, ಅವರಿಗೆ ಒಂಬತ್ತು ಪ್ರಶ್ನೆ ಕೇಳಿದ್ದೀರಾ. ನಡುವಲ್ಲಿ ಫಾರ್ಮು ಬದಲಿಸಿದರೆ ಸಂಶೋಧನೆಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಗೆ ಮತ್ತೆ ಬರೆಯಬೇಕು, ಸುಮ್ಮನೆ ಎರಡು ತಿಂಗಳು ಹೋಗುತ್ತದೆ ಅಂದರು. ಹೋಗಲಿ ಸರ್, ಸೋಮವಾರ ಬರೆದು ತರುತ್ತೇನೆ ಅಂದೆ.